ತಿಡಗುಂದಿಯ ಡಾಕ್ಟರ್ ನಾ. ಸು. ಹರ್ಡೀಕರ



ಈ ಸಲ ಗೋಡೆ ಪತ್ರಿಕೆಗೆ ಮಹಾನ್ ವ್ಯಕ್ತಿಗಳ ಜೀವನ ಚರಿತ್ರೆ ಬರೀಬೇಕು ಅಂತ ಗುರುಗಳು ಹೇಳಿದರು. ಗಾಂಧೀಜಿ, ಬಸವಣ್ಣನವರು, ಕಿತ್ತೂರು ಚೆನ್ನಮ್ಮ ಇವರನ್ನೆಲ್ಲ ಬ್ಯಾರೆಯವರು ಆರಿಸಿಕೊಂಡರು. ನಾನು ನಮ್ಮ ಜಿಲ್ಲೆಯಲ್ಲೇ ಹುಟ್ಟಿದ ಒಬ್ಬ ಡಾಕ್ಟರರನ್ನು ಆರಿಸಿಕೊಂಡೆ. ಅವರೇ ಡಾ. ನಾರಾಯಣ ಸುಬ್ಬರಾವ್ ಹರ್ಡೀಕರ. ಇವರ ಫೋಟೋ ನಮ್ಮ ಸಾಲಿ ಗೋಡೆ ಮ್ಯಾಲೆ ಇಲ್ಲ. ಆದರೆ ಶನಿವಾರ ಬೆಳಿಗ್ಗೆ ನಾವು ಸಾವಧಾನ್, ವಿಶ್ರಾಮ್ ಅಂತ ಸಾಲಾಗಿ ನಿಂತು ಮಾಡುವ ಕವಾಯತಿನ ಹಿಂದೆ ಇವರ ದುಡಿಮೆ ಭಾಳ ಐತಿ.

ಸೊಲ್ಲಾಪುರದಿಂದ ವಿಜಯಪುರಕ್ಕೆ ಬರುವ ದೊಡ್ಡ ರಸ್ತೆಯಲ್ಲಿ ಝಳಕಿ, ಹೊರ್ತಿ ದಾಟಿದ ಮ್ಯಾಲೆ ತಿಡಗುಂದಿ ಅಂತ ಊರು ಬರ್ತದ. ನಮ್ಮ ಇಂಡಿ ತಾಲ್ಲೂಕಿನ ಮಂದಿ ಸಂತಿಗೆ, ದವಾಖಾನಿಗೆ, ಕೋರ್ಟಿಗೆ ಅಂತ ಆ ಊರು ದಾಟಿ ಎಷ್ಟೋ ಸಲ ಹೋಗಿರ್ತಾರ. ಬಸವನ ಬಾಗೇವಾಡಿ ಅಂದರೆ ಬಸವಣ್ಣನವರು ಅಂತ ಸಣ್ಣ ಹುಡುಗರೂ ಹೇಳ್ತಾರ. ಹಲಸಂಗಿ ಅಂದರೆ ಮಧುರಚೆನ್ನರು ಅಂತ ಗುರುಗಳು ಹೇಳ್ತಾರ. ತಿಡಗುಂದಿ ಅಂದರೆ ಯಾರು ಅಂತ ನಾನು ನಮ್ಮ ತರಗತಿಯಲ್ಲಿ ಕೇಳಿದೆ. ಕಾಲುವಿ ನೀರು ಎತ್ತರದಾಗ ಹಾಯಿಸಿದ ದೊಡ್ಡ ಕಂಬಗಳ ಊರು ಅಂತ ಇಬ್ಬರು ಹೇಳಿದರು. ಹರ್ಡೀಕರರ ಹೆಸರು ಒಬ್ಬರಿಗೂ ಬರಲಿಲ್ಲ. ಅದಕ್ಕೇ ಈ ಲೇಖನ ಬರೆಯುತ್ತಿದ್ದೇನೆ.

ಹರ್ಡೀಕರರು 1889ನೇ ಇಸವಿ ಮೇ 7ರಂದು ತಿಡಗುಂದಿಯಲ್ಲಿ ಜನಿಸಿದರು. ಆಗ ನಮ್ಮ ಜಿಲ್ಲೆಗೆ ಬಿಜಾಪುರ ಅಂತ ಹೆಸರಿತ್ತು. ಅದು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕರ್ನಾಟಕ ಅನ್ನುವ ರಾಜ್ಯ ಇನ್ನೂ ಆಗಿರಲಿಲ್ಲ. ಅವರು ಏಳು ವರ್ಷದವರಿದ್ದಾಗ, ಅಂದರೆ 1896ರಲ್ಲಿ, ಮುಂಬಯಿಗೆ ಪ್ಲೇಗು ಬಂತು. ಆಮ್ಯಾಲೆ ಅದು ನಮ್ಮ ಕಡೆಗೂ ಹಬ್ಬಿತು. ಅದೇ ಸುಮಾರಿಗೆ ಬರಗಾಲವೂ ಬಿತ್ತು. ಮಂದಿ ಊರು ಬಿಟ್ಟು ಹೊಲದಾಗ ಗುಡಿಸಲು ಹಾಕಿಕೊಂಡು ಇರುತ್ತಿದ್ದರಂತೆ. ಅಂಥ ಕಾಲದಲ್ಲಿ ಅವರು ಬೆಳೆದು ದೊಡ್ಡವರಾದರು. ಲೋಕಮಾನ್ಯ ತಿಲಕರ ವಿಚಾರಗಳು ಅವರ ಮನಸ್ಸಿಗೆ ಹಿಡಿಸಿದ್ದವು.

ಅವರು ಡಾಕ್ಟರಿಕೆ ಕಲಿಯಲು ಕಲಕತ್ತಾಕ್ಕೆ ಹೋದರು. ಈಗ ನಮ್ಮೂರಿನಿಂದ ಬೆಂಗಳೂರಿಗೆ ಹೋಗುವುದೇ ದೊಡ್ಡ ಮಾತು. ಆಗಿನ ಕಾಲದಲ್ಲಿ ಬಿಜಾಪುರ ಸೀಮೆಯ ಹುಡುಗ ಕಲಕತ್ತಾಕ್ಕೆ ಹೋಗಿ ಓದುವುದೆಂದರೆ ಸಣ್ಣ ಕೆಲಸವಲ್ಲ. ಅಲ್ಲಿಗೂ ಅವರು ನಿಲ್ಲಲಿಲ್ಲ. ಹಡಗು ಹತ್ತಿ ಅಮೆರಿಕಕ್ಕೆ ಹೋದರು. ಅಲ್ಲಿ ಮಿಶಿಗನ್ ವಿಶ್ವವಿದ್ಯಾಲಯ ಸೇರಿ ಸಾರ್ವಜನಿಕ ಆರೋಗ್ಯ ಎಂಬ ವಿಷಯ ಓದಿದರು.

ಸಾರ್ವಜನಿಕ ಆರೋಗ್ಯ ಅಂದರೆ ಏನು ಅಂತ ನನಗೂ ಮೊದಲು ತಿಳಿದಿರಲಿಲ್ಲ. ವಿಜ್ಞಾನ ಅಕ್ಕೋರು ಒಂದು ಉದಾಹರಣೆ ಕೊಟ್ಟರು. ಮೊದಲು ನಮ್ಮ ಕಡೆ ನಾರುಹುಣ್ಣು ಅಂತ ಒಂದು ರೋಗ ಇತ್ತು. ನಮ್ಮ ಆಯಿಯ ಹಿಂಗಾಲಿನ ಮ್ಯಾಲೆ ಅದರ ಕಲೆ ಇನ್ನೂ ಐತಿ. ಪಾವಟಿಗೆ ಇದ್ದ ಬಾವಿಯೊಳಗೆ ಇಳಿದು ಮಂದಿ ನೀರು ತುಂಬುತ್ತಿದ್ದರು. ಹುಣ್ಣಾದ ಕಾಲು ನೀರಿಗೆ ತಾಗಿದಾಗ ಹುಳದ ಮರಿಗಳು ನೀರಿಗೆ ಬೀಳುತ್ತಿದ್ದವು. ಆ ನೀರು ಕುಡಿದವರಿಗೆ ಒಂದು ವರ್ಷದ ಮ್ಯಾಲೆ ಕಾಲಿನಿಂದ ದಾರದಂಥ ಉದ್ದನೆಯ ಹುಳ ಹೊರಗ ಬರುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಾ ಸ್ವಲ್ಪ ಸ್ವಲ್ಪ ಎಳೆಯಬೇಕು. ಹರಿದರೆ ಕಾಲು ಬಾಯುತ್ತಿತ್ತು. ಆ ರೋಗಕ್ಕೆ ಗುಳಿಗೆಯೂ ಇರಲಿಲ್ಲ, ಸೂಜಿಯೂ ಇರಲಿಲ್ಲ. ಆದರೂ ಅದು ನಮ್ಮ ದೇಶದಿಂದ ಹೋಯಿತು. ಹ್ಯಾಂಗ? ನೀರನ್ನು ಅರಿವೆಯಿಂದ ಸೋಸಿದರು. ಬಾವಿಯ ಪಾವಟಿಗೆ ಮುಚ್ಚಿ ಹಗ್ಗದಿಂದ ಸೇದುವಂತೆ ಮಾಡಿದರು. ಬೋರಿನ ಪಂಪು ಹಾಕಿದರು. 2000ನೇ ಇಸವಿಯಲ್ಲಿ ಭಾರತದಲ್ಲಿ ನಾರುಹುಣ್ಣು ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಘೋಷಣೆ ಮಾಡಿತು. ಒಬ್ಬರೇ ನೀರು ಸೋಸಿದ್ದರೆ ಇದು ಆಗುತ್ತಿರಲಿಲ್ಲ. ಊರಿಗೆ ಊರೇ ಸೋಸಬೇಕಾಯಿತು. ಇದೇ ಸಾರ್ವಜನಿಕ ಆರೋಗ್ಯ. ಹರ್ಡೀಕರರು ಅಮೆರಿಕದಲ್ಲಿ ಓದಿದ ವಿಷಯ ಇಂಥದ್ದು.

ಅವರು ಅಮೆರಿಕದಲ್ಲಿದ್ದಾಗ ಮೊದಲನೇ ಮಹಾಯುದ್ಧ ನಡೆದಿತ್ತು. ಪಂಜಾಬಿನ ದೊಡ್ಡ ನಾಯಕ ಲಾಲಾ ಲಜಪತ ರಾಯರೂ ಆಗ ಅಲ್ಲೇ ಇದ್ದರು. ಲಾಲಾಜಿಯವರು 1917ರಲ್ಲಿ ನ್ಯೂಯಾರ್ಕ್ ಪಟ್ಟಣದಲ್ಲಿ ಇಂಡಿಯಾ ಹೋಮ್ ರೂಲ್ ಲೀಗ್ ಎಂಬ ಸಂಘ ಕಟ್ಟಿದರು. ಭಾರತಕ್ಕೆ ಸ್ವರಾಜ್ಯ ಬೇಕು ಅಂತ ಅಮೆರಿಕದ ಜನರಿಗೆ ತಿಳಿಸುವುದು ಆ ಸಂಘದ ಕೆಲಸ. 1918ರಲ್ಲಿ ಯಂಗ್ ಇಂಡಿಯಾ ಅಂತ ಮಾಸಪತ್ರಿಕೆಯನ್ನೂ ತೆಗೆದರು. ಈ ಎರಡೂ ಕೆಲಸಕ್ಕೆ ಹರ್ಡೀಕರರು ಲಾಲಾಜಿಯವರ ಬಲಗೈಯಾಗಿ ದುಡಿದರು. ಊರೂರು ತಿರುಗಿ ಭಾಷಣ ಮಾಡಿದರು. 1920ರಲ್ಲಿ ಲಾಲಾಜಿ ಭಾರತಕ್ಕೆ ತಿರುಗಿ ಬಂದರು. ಮರುವರ್ಷ, ಅಂದರೆ 1921ರಲ್ಲಿ, ಹರ್ಡೀಕರರೂ ತಿರುಗಿ ಬಂದರು.

ಅಮೆರಿಕದಲ್ಲಿ ಓದಿದ ಡಾಕ್ಟರ್ ಆಗ ನಮ್ಮ ಭಾಗದಲ್ಲಿ ಎಷ್ಟು ಮಂದಿ ಇದ್ದಾರು? ಹುಬ್ಬಳ್ಳಿಯಲ್ಲಿ ಒಂದು ದವಾಖಾನಿ ಹಾಕಿಕೊಂಡು ಕೂತಿದ್ದರೆ ಕೈತುಂಬ ರೊಕ್ಕ ಬರುತ್ತಿತ್ತು. ಅವರು ಹುಬ್ಬಳ್ಳಿಗೇ ಬಂದರು. ಆದರೆ ಅವರು ಕಟ್ಟಿದ್ದು ಹುಡುಗರ ಸಂಘ. ಅದರ ಹೆಸರು ಹುಬ್ಬಳ್ಳಿ ಸೇವಾ ಮಂಡಲ. ಹೆಣ್ಣುಮಕ್ಕಳಿಗಾಗಿ ತಿಲಕ ಕನ್ಯಾ ಶಾಲೆಯನ್ನೂ ತೆರೆದರು.

ಇಲ್ಲಿಯ ತನಕ ಓದಿ ಹೇಳಿದಾಗ ನಮ್ಮ ತರಗತಿಯಲ್ಲಿ ದೊಡ್ಡ ವಾದ ಆಯಿತು. ನಮ್ಮಲ್ಲಿ ಒಬ್ಬಾಕಿ ಡಾಕ್ಟರ್ ಆಗಬೇಕು ಅಂತ ಮೂರನೇ ತರಗತಿಯಿಂದ ಹೇಳುತ್ತಾ ಬಂದಾಳ. ಅಷ್ಟು ಓದಿ ಮಂದಿಗೆ ಔಷಧ ಕೊಡದೆ ರಾಜಕಾರಣಕ್ಕೆ ಹೋದರೆ ಆ ಓದು ಹಾಳಾದಂಗ ಅಲ್ಲೇನು ಅಂತ ಆಕಿ ಕೇಳಿದಳು. ಆಕಿ ಕೇಳಿದ್ದರಲ್ಲಿ ಅರ್ಥ ಐತಿ. ನಮ್ಮೂರಿನಲ್ಲಿ ಡಾಕ್ಟರ್ ಇಲ್ಲ. ರಾತ್ರಿ ಯಾರಿಗಾದರೂ ಚೇಳು ಕಡಿದರೆ, ಹಾವು ಕಡಿದರೆ ಗಾಡಿ ಹುಡುಕಬೇಕು. ಡಾಕ್ಟರ್ ಆದವರು ಔಷಧ ಕೊಡಲಿ ಅಂತ ಯಾರಿಗೆ ಅನಸೂದಿಲ್ಲ? ಅರ್ಧ ತರಗತಿ ಆಕಿ ಕಡೆ ಆಯಿತು.

ಸಮಾಜ ವಿಜ್ಞಾನ ಸರ್ ಅವರನ್ನು ಕೇಳಿದೆವು. ಡಾಕ್ಟರರು ರಾಜ್ಯದ ಕಾರಭಾರ ನೋಡಿದ್ದು ಹೊಸದಲ್ಲ ಅಂತ ಅವರು ತಿಳಿಸಿದರು. ಹರ್ಡೀಕರರು ಓದಿದ ಅಮೆರಿಕವೂ ಒಂದು ಕಾಲಕ್ಕೆ ಬ್ರಿಟಿಷರ ಕೈಯಲ್ಲಿತ್ತು. 1776ರಲ್ಲಿ ಅವರು ಸ್ವಾತಂತ್ರ್ಯ ಘೋಷಣೆ ಮಾಡಿದಾಗ ಆ ಕಾಗದಕ್ಕೆ 56 ಮಂದಿ ಸಹಿ ಹಾಕಿದರು. ಅವರಲ್ಲಿ ಡಾಕ್ಟರರೂ ಇದ್ದರು. ಜೋಸೈಯಾ ಬಾರ್ಟ್‌ಲೆಟ್ ಎಂಬ ಡಾಕ್ಟರ್ ಮುಂದೆ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಗವರ್ನರ್ ಆದರು. ಲೈಮನ್ ಹಾಲ್ ಎಂಬ ಇನ್ನೊಬ್ಬ ಡಾಕ್ಟರ್ ಜಾರ್ಜಿಯಾ ರಾಜ್ಯದ ಗವರ್ನರ್ ಆದರು. ನಮ್ಮ ದೇಶದಲ್ಲಿ ಡಾ. ಬಿ. ಸಿ. ರಾಯ್ ಅವರು 1948ರಿಂದ 1962ರ ತನಕ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಆಗಿದ್ದರು. ಮುಖ್ಯಮಂತ್ರಿ ಆದ ಮ್ಯಾಲೂ ಅವರು ರೋಗಿಗಳನ್ನು ನೋಡುತ್ತಿದ್ದರು. ಅವರ ನೆನಪಿಗೇ ಜುಲೈ 1ರಂದು ವೈದ್ಯರ ದಿನ ಮಾಡುತ್ತಾರೆ. ಹರ್ಡೀಕರರು ಏನು ಮಾಡಿದರು ಅನ್ನುವುದನ್ನು ಪೂರ್ತಿ ಓದಿ, ಆಮ್ಯಾಲೆ ನೀವೇ ತೀರ್ಮಾನ ಮಾಡ್ರಿ ಅಂತ ಸರ್ ನಮಗೇ ಬಿಟ್ಟರು. ಅದಕ್ಕೆ ಮುಂದಿನದನ್ನು ಬರೆಯುತ್ತೇನೆ.

1923ರಲ್ಲಿ ನಾಗಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಆಗಿನ ನಮ್ಮ ಬಾವುಟದಲ್ಲಿ ಚರಕದ ಚಿತ್ರ ಇತ್ತು. ಆ ಬಾವುಟ ಹಿಡಿದು ಇಂಗ್ಲಿಷ್ ಸಾಹೇಬರು ಇರುವ ಓಣಿಗೆ ಹೋಗಕೂಡದು ಅಂತ ಸರಕಾರ ಹುಕುಂ ಮಾಡಿತ್ತು. ಸತ್ಯಾಗ್ರಹಿಗಳು ಬಾವುಟ ಹಿಡಿದು ಅಲ್ಲಿಗೇ ಹೊರಟರು. ಪೊಲೀಸರು ಹಿಡಿದು ಜೈಲಿಗೆ ಹಾಕಿದರು. ದೇಶದ ಮೂಲೆ ಮೂಲೆಯಿಂದ ಮಂದಿ ಹೋಗಿ ಜೈಲು ಸೇರಿದರು. ನಮ್ಮ ಹರ್ಡೀಕರರೂ ಹುಬ್ಬಳ್ಳಿ ಸೇವಾ ಮಂಡಲದ ಹುಡುಗರನ್ನು ಕರಕೊಂಡು ಹೋಗಿ ಜೈಲು ಸೇರಿದರು.

ಜೈಲಿನಲ್ಲಿ ಕಷ್ಟ ಭಾಳ ಇತ್ತು. ಕ್ಷಮೆ ಕೇಳಿ ಕಾಗದ ಬರೆದುಕೊಟ್ಟರೆ ಹೊರಗೆ ಬಿಡುತ್ತಿದ್ದರು. ಎಷ್ಟೋ ಮಂದಿ ತಾಳಲಾರದೆ ಬರೆದುಕೊಟ್ಟು ಮನೆಗೆ ಹೋದರು. ಹುಬ್ಬಳ್ಳಿ ಹುಡುಗರು ಮಾತ್ರ ಬರೆದುಕೊಡಲಿಲ್ಲ. ಇದು ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ದೊಡ್ಡದು ಅನಿಸಿತು. ಹೋದವರಿಗೆ ದೇಶದ ಮ್ಯಾಲೆ ಪ್ರೀತಿ ಇರಲಿಲ್ಲ ಅಂತಲ್ಲ. ಪ್ರೀತಿ ಇದ್ದುದಕ್ಕೇ ಅಷ್ಟು ದೂರ ಬಂದಿದ್ದರು. ಆದರೆ ಕಷ್ಟ ಬಂದಾಗ ತಡಕೊಳ್ಳುವ ರೂಢಿ ಅವರಿಗೆ ಇರಲಿಲ್ಲ. ಹುಬ್ಬಳ್ಳಿಯವರಿಗೆ ಹರ್ಡೀಕರರು ಆ ರೂಢಿ ಮೊದಲೇ ಮಾಡಿಸಿದ್ದರು.

ಈ ಸುದ್ದಿ ದೊಡ್ಡ ನಾಯಕರ ಕಿವಿಗೂ ಬಿತ್ತು. ದೇಶದ ತುಂಬ ಇಂಥ ಹುಡುಗರು ತಯಾರಾಗಬೇಕು ಅಂತ ಅವರಿಗೆ ಅನಿಸಿತು. ಅದೇ ವರ್ಷ ಡಿಸೆಂಬರಿನಲ್ಲಿ ಆಂಧ್ರದ ಕಾಕಿನಾಡದಲ್ಲಿ ಕಾಂಗ್ರೆಸ್ ಅಧಿವೇಶನ ಆಯಿತು. ಅಲ್ಲಿ ಹಿಂದುಸ್ತಾನಿ ಸೇವಾದಳ ಹುಟ್ಟಿತು. ಅದನ್ನು ನಡೆಸುವ ಹೊಣೆ ಹರ್ಡೀಕರರ ಮ್ಯಾಲೆ ಬಿತ್ತು. ಜವಾಹರಲಾಲ್ ನೆಹರೂ ಅದರ ಮೊದಲ ಅಧ್ಯಕ್ಷರಾದರು. ಮುಖ್ಯ ಕಚೇರಿ ಹುಬ್ಬಳ್ಳಿಯಲ್ಲಿತ್ತು. ಇಡೀ ದೇಶದ ಸಂಘಟನೆಯ ಕಾರಭಾರ ನಮ್ಮ ಉತ್ತರ ಕರ್ನಾಟಕದ ಊರಿನಿಂದ ನಡೆಯುತ್ತಿತ್ತು ಅಂದರೆ ಹೆಮ್ಮೆಯ ಮಾತಲ್ಲವೆ?

ಇದನ್ನು ಎಲ್ಲರೂ ಒಪ್ಪಿದರು ಅಂತ ತಿಳಿಯಬಾರದು. ಸಮವಸ್ತ್ರ ಹಾಕಿಸಿ, ಸಾಲಾಗಿ ನಿಲ್ಲಿಸಿ, ಕವಾಯತು ಮಾಡಿಸಿದರೆ ಇದು ಪಲ್ಟನ್ ಆದಂತಾಯಿತು, ಅಹಿಂಸೆಗೆ ಇದು ಸರಿ ಹೊಂದುವುದಿಲ್ಲ ಅಂತ ಕಾಂಗ್ರೆಸ್ಸಿನಲ್ಲೇ ಕೆಲವರು ವಿರೋಧ ಮಾಡಿದರು. ಅವರ ಅಂಜಿಕೆ ಸುಳ್ಳಲ್ಲ. ಆದರೆ ಹರ್ಡೀಕರರ ದಳದವರು ಯಾರನ್ನೂ ಹೊಡೆಯಲು ಕಲಿಯಲಿಲ್ಲ. ಗದ್ದಲದಲ್ಲಿ ಸಿಟ್ಟಿಗೇಳದೆ ನಿಲ್ಲುವುದು, ಹೇಳಿದ ಹೊತ್ತಿಗೆ ಬರುವುದು, ಒಪ್ಪಿಕೊಂಡ ಕೆಲಸ ಬಿಡದೆ ಮುಗಿಸುವುದು, ಇವನ್ನು ಕಲಿತರು. ಅದು ಹೆಂಗ ಉಪಯೋಗ ಆಯಿತು ಅನ್ನುವುದಕ್ಕೆ ಬೆಳಗಾವಿಯ ಉದಾಹರಣೆ ಐತಿ.

1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿಯವರು ಅಧ್ಯಕ್ಷರಾಗಿದ್ದು ಅದೊಂದೇ ಅಧಿವೇಶನಕ್ಕೆ. ಅದನ್ನು ನಡೆಸಲು ಗಂಗಾಧರರಾವ್ ದೇಶಪಾಂಡೆಯವರು ಮುಂದಾಳು. ಸಾವಿರಾರು ಮಂದಿ ಬಂದು ಇಳಿದರು. ನಮ್ಮೂರ ಜಾತ್ರೆ ನೆನಸಿಕೊಳ್ಳಿರಿ. ಐದು ದಿನದ ಜಾತ್ರೆ ಮುಗಿದ ಮ್ಯಾಲೆ ಊರ ಹೊರಗ ಮೂಗು ಮುಚ್ಚಿಕೊಂಡು ಹೋಗಬೇಕಾಗ್ತದ. ಆಗಿನ ಕಾಲದಲ್ಲಿ ಅಷ್ಟು ಮಂದಿ ಕೂಡಿದ ಕಡೆ ಕಾಲರಾ ಬರುವ ಅಂಜಿಕೆ ಇದ್ದೇ ಇರುತ್ತಿತ್ತು. ಬೆಳಗಾವಿಯಲ್ಲಿ ನೀರಿಗಾಗಿ ಹೊಸ ಬಾವಿ ತೋಡಿದರು. ಅದು ಟಿಳಕವಾಡಿಯಲ್ಲಿ ಇವತ್ತಿಗೂ ಐತಿ. ಅದಕ್ಕೆ ಕಾಂಗ್ರೆಸ್ ಬಾವಿ ಅಂತಾರ. ಸ್ವಯಂಸೇವಕರು ಮಂದಿಯನ್ನು ಸಾಲು ಹಿಡಿಸಿದರು, ಬಂದವರಿಗೆ ದಾರಿ ತೋರಿಸಿದರು, ಕಸ ಬಳಿದರು. ಮೇಲ್ಜಾತಿಯವರು ಅನ್ನಿಸಿಕೊಂಡ ಹುಡುಗರು ಪಾಯಖಾನೆ ಸ್ವಚ್ಛ ಮಾಡಲು ನಿಂತರು. ಆ ಕೆಲಸ ಒಂದೇ ಜಾತಿಯವರದು ಅಂತ ಇದ್ದ ಕಾಲ ಅದು. ಅದಕ್ಕೇ ಅದು ದೊಡ್ಡ ಮಾತು.

ಹೆಣ್ಣುಮಕ್ಕಳೂ ಹಿಂದೆ ಉಳಿಯಲಿಲ್ಲ. ಉಮಾಬಾಯಿ ಕುಂದಾಪುರ ಎಂಬವರು ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳಕೊಂಡಿದ್ದರು. ಹರ್ಡೀಕರರು ತಮ್ಮ ತಿಲಕ ಕನ್ಯಾ ಶಾಲೆಯನ್ನು ಅವರ ಕೈಗೆ ಒಪ್ಪಿಸಿದರು. ಮುಂದೆ ಸೇವಾದಳದ ಮಹಿಳಾ ವಿಭಾಗಕ್ಕೂ ಅವರೇ ಮುಖ್ಯಸ್ಥರಾದರು. ಬೆಳಗಾವಿ ಅಧಿವೇಶನಕ್ಕೆ ಉಮಾಬಾಯಿಯವರು 150ಕ್ಕೂ ಹೆಚ್ಚು ಹೆಣ್ಣುಮಕ್ಕಳನ್ನು ಸ್ವಯಂಸೇವಕಿಯರಾಗಿ ಕೂಡಿಸಿದರು. ಅವರಲ್ಲಿ ವಿಧವೆಯರೂ ಇದ್ದರು. ಹೊಸ್ತಿಲು ದಾಟಬಾರದು ಅಂತ ಕೂಡಿಸಿಟ್ಟಿದ್ದ ಹೆಣ್ಣುಮಕ್ಕಳು ಸಾವಿರಾರು ಮಂದಿ ನಡುವೆ ನಿಂತು ಕೆಲಸ ಮಾಡಿದರು. ಈ ಮಾತು ಓದಿ ಹೇಳಿದಾಗ ನಮ್ಮ ಆಯಿ ಎಷ್ಟೋ ಹೊತ್ತು ಸುಮ್ಮನೆ ಕೂತಿದ್ದರು.

ಪ್ರತಿ ತಿಂಗಳ ಕೊನೆಯ ರವಿವಾರ ಬೆಳಿಗ್ಗೆ ಬಾವುಟ ಹಾರಿಸಿ ವಂದನೆ ಮಾಡುವ ಪದ್ಧತಿಯನ್ನೂ ಸೇವಾದಳದವರು ಹಾಕಿದರು. ನಾವು ವರ್ಷಕ್ಕೆ ಎರಡು ಮೂರು ಸಲ ಬಾವುಟ ಹಾರಿಸ್ತೀವಿ, ಪೇಢೆ ತಿಂದು ಮನಿಗೆ ಹೋಗ್ತೀವಿ. ಅವರು ಬಾವುಟ ಹಾರಿಸಿದರೆ ಪೊಲೀಸರು ಬರುತ್ತಿದ್ದರು. ಆದರೂ ತಿಂಗಳಾ ಹಾರಿಸುತ್ತಿದ್ದರು.

1930ರ ಉಪ್ಪಿನ ಸತ್ಯಾಗ್ರಹದ ಕಾಲಕ್ಕೆ ಈ ದಳ ಚಳವಳಿಯ ಬೆನ್ನೆಲುಬಾಗಿತ್ತು. ಹರ್ಡೀಕರರು ಮತ್ತೆ ಜೈಲಿಗೆ ಹೋದರು. 1932ರಲ್ಲಿ ಬ್ರಿಟಿಷರು ಕಾಂಗ್ರೆಸ್ಸನ್ನೂ ಸೇವಾದಳವನ್ನೂ ನಿಷೇಧ ಮಾಡಿದರು. ಎರಡು ವರ್ಷದ ಮ್ಯಾಲೆ ಕಾಂಗ್ರೆಸ್ಸಿನ ಮ್ಯಾಲಿನ ನಿಷೇಧ ತೆಗೆದರು. ಸೇವಾದಳದ್ದು ಮಾತ್ರ ತೆಗೆಯಲಿಲ್ಲ. ಬಂದೂಕು ಇಲ್ಲದ, ಸಾಲಾಗಿ ನಿಲ್ಲುವ ಹುಡುಗರಿಗೆ ಅಷ್ಟು ದೊಡ್ಡ ಸರಕಾರ ಅಂಜಿತ್ತು.

ಹರ್ಡೀಕರರು ಡಾಕ್ಟರಿಕೆಯನ್ನು ಪೂರ್ತಿ ಬಿಟ್ಟರು ಅಂತಲೂ ಅಲ್ಲ. ಬೆಳಗಾವಿ ಜಿಲ್ಲೆಯ ಘಟಪ್ರಭಾದಲ್ಲಿ ಕರ್ನಾಟಕ ಆರೋಗ್ಯಧಾಮ ಅಂತ ದವಾಖಾನಿ ಐತಿ. ಡಾ. ಕೊಕಟನೂರ ಅವರ ಜೊತೆ ಸೇರಿ ಅದನ್ನು ಬೆಳೆಸುವುದರಲ್ಲಿ ಹರ್ಡೀಕರರು ದುಡಿದರು. ದೊಡ್ಡ ಪಟ್ಟಣದಲ್ಲಲ್ಲ, ಹಳ್ಳಿ ಮಂದಿಗೆ ಸಿಗುವ ಜಾಗದಲ್ಲಿ ಆ ದವಾಖಾನಿ ಬೆಳೆಯಿತು.

ಸ್ವಾತಂತ್ರ್ಯ ಬಂದ ಮ್ಯಾಲೆ 1952ರಿಂದ 1962ರ ತನಕ ಹತ್ತು ವರ್ಷ ಅವರು ರಾಜ್ಯಸಭೆಯ ಸದಸ್ಯರಾಗಿದ್ದರು. ರಾಜ್ಯಸಭೆಗೆ ನಾವು ನೇರವಾಗಿ ಓಟು ಹಾಕುವುದಿಲ್ಲ, ರಾಜ್ಯದ ಶಾಸಕರು ಆರಿಸಿ ಕಳಿಸುತ್ತಾರೆ. ಆ ಹತ್ತು ವರ್ಷದ ನಡುವೆಯೇ, 1956ರ ನವೆಂಬರ್ 1ರಂದು, ನಮ್ಮ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. 1973ರಲ್ಲಿ ಅದಕ್ಕೆ ಕರ್ನಾಟಕ ಅಂತ ಹೆಸರಾಯಿತು. 1958ರಲ್ಲಿ ಭಾರತ ಸರಕಾರ ಹರ್ಡೀಕರರಿಗೆ ಪದ್ಮಭೂಷಣ ಪ್ರಶಸ್ತಿ ಕೊಟ್ಟಿತು. ಶಾಲಾ ಮಕ್ಕಳಿಗೆ ಶಿಸ್ತು, ಧ್ವಜದ ನಿಯಮ, ಭಾವೈಕ್ಯತೆ ಕಲಿಸುವ ಭಾರತ ಸೇವಾದಳ ಇವರ ಹೆಸರು ಹೇಳಿಕೊಂಡೇ ನಡೆದದ. ಅದರಲ್ಲಿ ಪಕ್ಷದ ರಾಜಕಾರಣ ಇಲ್ಲ. 1975ರ ಆಗಸ್ಟ್ 26ರಂದು, 86ನೇ ವಯಸ್ಸಿನಲ್ಲಿ ಹರ್ಡೀಕರರು ತೀರಿಕೊಂಡರು. ಅವರು ಹುಟ್ಟಿ ನೂರು ವರ್ಷ ಆದಾಗ, 1989ರಲ್ಲಿ, ಅವರ ಚಿತ್ರ ಇರುವ ಅಂಚೆ ಚೀಟಿ ಬಂತು.

ಈಗ ನಮ್ಮ ತರಗತಿಯ ವಾದಕ್ಕೆ ಬರುತ್ತೇನೆ. ನನ್ನ ವಿಚಾರ ಹೇಳುತ್ತೇನೆ. ಒಬ್ಬ ರೋಗಿ ಬಂದರೆ ಡಾಕ್ಟರ್ ಗುಳಿಗೆ ಕೊಡ್ತಾರ. ಊರ ನೀರೇ ಕೆಟ್ಟಿದ್ದರೆ ಗುಳಿಗೆ ಎಷ್ಟು ದಿನ ಕೊಟ್ಟಾರು? ಆಗ ಊರಿನ ಮಂದಿ ಕೂಡಬೇಕು, ಒಪ್ಪಬೇಕು, ದಿನಾ ಮಾಡಬೇಕು. ಮಂದಿಯನ್ನು ಹಂಗ ಕೂಡಿಸುವುದು ಕಲಿಯದೆ ಬರೂದಿಲ್ಲ. ಹರ್ಡೀಕರರು ಕಲಿಸಿದ್ದು ಅದನ್ನೇ. ಅವರ ಓದು ಹಾಳಾಗಲಿಲ್ಲ. ಆದರೆ ಔಷಧ ಕೊಡುವ ಡಾಕ್ಟರ್ ಬ್ಯಾಡ ಅಂತ ನಾನು ಹೇಳುವುದಿಲ್ಲ. ಡಾಕ್ಟರ್ ಆಗಬೇಕು ಅನ್ನುವ ನಮ್ಮ ಗೆಳತಿ ಡಾಕ್ಟರ್ ಆಗಿ ನಮ್ಮೂರಿಗೇ ಬರಲಿ. ಆಕಿ ಬರುವ ತನಕ ಮಾಡುವ ಕೆಲಸ ನಮ್ಮ ಕೈಯಲ್ಲಿ ಐತಿ.

ನಮ್ಮ ಸಾಲಿ ಹಿಂದಿನ ಕುಡಿಯುವ ನೀರಿನ ಟಾಕಿಯ ಸುತ್ತ ನೀರು ನಿಂತು ರಾಡಿ ಆಗೇದ. ಗಟಾರ ಕಟ್ಟೇದ. ಹಂದಿ ಹೊರಳಾಡ್ತಾವ. ಹೋದ ಮಳೆಗಾಲದಾಗ ನಮ್ಮ ಓಣಿಯಲ್ಲಿ ಎಂಟು ಮಂದಿಗೆ ವಾಂತಿ ಭೇದಿ ಆಗಿತ್ತು. ಹರ್ಡೀಕರರ ಜಯಂತಿ ಮೇ 7ರಂದು ಬರ್ತದ. ಆವಾಗ ನಮಗೆ ಸೂಟಿ ಇರ್ತದ. ಪುಣ್ಯತಿಥಿ ಆಗಸ್ಟ್ 26ರಂದು ಬರ್ತದ. ಆವಾಗ ಸಾಲಿ ನಡೆದಿರ್ತದ, ಮಳೆಗಾಲವೂ ಇರ್ತದ. ಆ ದಿನ ಭಾಷಣದ ಬದಲಿ ನಾವು 6 ಮತ್ತು 7ನೇ ತರಗತಿಯವರು ಸಲಿಕೆ, ಬುಟ್ಟಿ ಹಿಡಿದು ಟಾಕಿಯ ಸುತ್ತ ಮುರುಮು ಹಾಕೋಣ, ನೀರು ಹರಿದು ಹೋಗಲು ಕಾಲುವಿ ತೆಗೆಯೋಣ. ಗುರುಗಳು ಮತ್ತು ಪಂಚಾಯಿತಿಯ ಹಿರಿಯರು ಅಪ್ಪಣೆ ಕೊಡಬೇಕೆಂದು ಕೈಮುಗಿದು ಕೇಳುತ್ತೇನೆ. ಆಮ್ಯಾಲೆ ಪ್ರತಿ ತಿಂಗಳ ಕೊನೆಯ ಶನಿವಾರ ಕವಾಯತು ಮುಗಿದ ಮ್ಯಾಲೆ ಅರ್ಧ ತಾಸು ಅದನ್ನೇ ಮಾಡೋಣ. ಬರುವವರು ಈ ಹಾಳೆಯ ಕೆಳಗೆ ತಮ್ಮ ಹೆಸರು ಬರೆಯಿರಿ. ಮೊದಲನೇ ಹೆಸರು ನನ್ನದು ಬರೆದೇನಿ. ಎರಡನೇ ಹೆಸರು ಡಾಕ್ಟರ್ ಆಗಬೇಕು ಅನ್ನುವ ಗೆಳತಿಯದು.

ಜೈ ಹಿಂದ್.